ಅಡುಗೆಮನೆಯ ಯಾವ ಕಸ ಗಿಡಗಳಿಗೆ ನಿಜವಾಗಿ ಕೆಲಸಕ್ಕೆ ಬರುತ್ತದೆ?

ಮೊಟ್ಟೆ ಸಿಪ್ಪೆ, ಕಾಫಿ ಚರಟ, ಬಾಳೆಹಣ್ಣಿನ ಸಿಪ್ಪೆ ಇವನ್ನೆಲ್ಲ ನೇರವಾಗಿ ಕುಂಡಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು, ಆದರೆ ಸುಮ್ನೆ ಸುರಿದರೆ ಪ್ರಯೋಜನ ಕಡಿಮೆ.

ಮೊಟ್ಟೆ ಸಿಪ್ಪೆಯನ್ನೇ ನೋಡಿ. ಅದರಲ್ಲಿ ಸುಮಾರು 95% ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನಲ್ಲಿರುವ ವಸ್ತುವೇ. ಕೈಯಲ್ಲಿ ಮುರಿದು ಹಾಕಿದರೆ ವರ್ಷ ಕಳೆದ ಮೇಲೂ ಮಣ್ಣು ಕೆದಕಿದಾಗ ಬಿಳಿ ಚೂರುಗಳು ಹಾಗೇ ಸಿಗುತ್ತವೆ. ತೊಳೆದು, ಚೆನ್ನಾಗಿ ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಮಣ್ಣಿಗೆ ಬೆರೆಸಿ. ಆಗಲೂ ನಿಧಾನವೇ, ಹುಳಿ ಮಣ್ಣಿನಲ್ಲಿ ಸ್ವಲ್ಪ ಬೇಗ ಕರಗುತ್ತದೆ. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತಿದ್ದರೆ ಇದನ್ನು ಮದ್ದು ಅಂತ ನಂಬಬೇಡಿ. ಬಹಳ ಸಲ ಅಲ್ಲಿ ತೊಂದರೆ ಇರುವುದು ನೀರಿನಲ್ಲಿ: ಒಂದು ದಿನ ಜಾಸ್ತಿ, ನಾಲ್ಕು ದಿನ ಇಲ್ಲವೇ ಇಲ್ಲ. ಬೇರಿಗೆ ಸಮನಾಗಿ ನೀರು ಸಿಕ್ಕರೆ ಮಾತ್ರ ಕ್ಯಾಲ್ಸಿಯಂ ಕಾಯಿಯವರೆಗೆ ತಲುಪುತ್ತದೆ.

ಕಾಫಿ ಚರಟವನ್ನು ತೆಳುವಾಗಿ ಉದುರಿಸಿ ಮಣ್ಣಲ್ಲಿ ಕಲಸಿಬಿಡಿ. ದಪ್ಪಗೆ ಹರಡಿದರೆ ಒಣಗಿ ಹೆಪ್ಪುಗಟ್ಟುತ್ತದೆ, ನೀರು ಕೆಳಗೆ ಇಳಿಯುವುದಿಲ್ಲ.

ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷಿಯಂ ಇದೆ, ನಿಜ. ಆದರೆ ಕುಂಡದ ಮೇಲೆ ಹಾಗೇ ಇಟ್ಟರೆ ನೊಣ ಮುತ್ತುತ್ತವೆ ಅಲ್ವಾ? ಸಣ್ಣಗೆ ಕತ್ತರಿಸಿ ಕಾಂಪೋಸ್ಟ್ ಡಬ್ಬಿಗೆ ಹಾಕಿ, ಮೇಲೆ ಧಾರಾಳವಾಗಿ ಒಣ ಎಲೆ ಮುಚ್ಚಿ. ವಾಸನೆ ಬಂತು ಅಂದರೆ ಒಣ ಎಲೆ ಸಾಲದು ಅಂತಲೇ ಅರ್ಥ.

ಟೀ ಬ್ಯಾಗ್ ಹಾಕುವುದಾದರೆ ಹರಿದು ಪುಡಿ ಮಾತ್ರ ಹಾಕಿ, ಕೆಲವು ಚೀಲಗಳಲ್ಲಿ ಪ್ಲಾಸ್ಟಿಕ್ ಇರುತ್ತದೆ. ಉಪ್ಪು, ಎಣ್ಣೆ ಬಿದ್ದ ಅಡುಗೆಯಂತೂ ಕುಂಡಕ್ಕೆ ಬೇಡವೇ ಬೇಡ.