ಹೆಸರು ಬಿಟ್ಟರೆ ಸಾಕೇ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಅರೆಕಾಲಿಕ ವರದಿಗಾರ. ಬಾಲಕಿಯೊಬ್ಬಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಸುದ್ದಿಯಲ್ಲಿ ಅವಳ ಹೆಸರು ಬರೆಯಲಿಲ್ಲ. ಗ್ರಾಮದ ಹೆಸರು, ಅವಳ ತರಗತಿ, ತಂದೆಗೆ ಕಿರಾಣಿ ಅಂಗಡಿ ಇದೆ ಎಂಬುದಷ್ಟೇ ಇತ್ತು. ಈಗ ಅವಳು ಶಾಲೆಗೆ ಹೋಗುತ್ತಿಲ್ಲವಂತೆ. ‘ಹೆಸರು ಹಾಕಿಲ್ಲವಲ್ಲ, ಬಿಡಿ’ ಎನ್ನುತ್ತಾರೆ ನಮ್ಮ ಬ್ಯೂರೋ ಮುಖ್ಯಸ್ಥರು. ನಾನು ತಪ್ಪು ಮಾಡಿದೆನೇ? (ನನ್ನ ಹೆಸರು, ಊರು ಪ್ರಕಟಿಸಬೇಡಿ.)

ಉತ್ತರ: ಊರಿನ ಹೆಸರು ಹಾಕಿದರೆ ನೀವು ಯಾರೆಂದು ಗೊತ್ತಾಗಿಬಿಡುತ್ತದೆ ಎಂದು ಬಲ್ಲಿರಿ, ಆದ್ದರಿಂದಲೇ ಅದನ್ನೂ ಮುಚ್ಚಿಡಲು ಕೇಳಿದ್ದೀರಿ. ಆ ಎಚ್ಚರ ಹುಡುಗಿಯ ಪಾಲಿಗೆ ಸಿಗಲಿಲ್ಲ. ಹೌದು, ತಪ್ಪು ಮಾಡಿದ್ದೀರಿ. ಒಂದು ಹಳ್ಳಿಯಲ್ಲಿ ಎಷ್ಟು ಕಿರಾಣಿ ಅಂಗಡಿಗಳಿರುತ್ತವೆ?

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರೊಂದನ್ನೇ ತಡೆದಿಲ್ಲ. ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಬಿಟ್ಟುಕೊಡುವ ಬೇರೆ ಯಾವ ಸುಳಿವೂ ಸುದ್ದಿಯಲ್ಲಿ ಇರುವಂತಿಲ್ಲ. ಮೀರಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನೌಕರನ ತಪ್ಪಿಗೆ ಪ್ರಕಾಶಕರೂ ಮಾಲೀಕರೂ ಹೊಣೆ ಎಂಬ ಮಾತೂ ಅದರಲ್ಲೇ ಇದೆ. ನಿಮ್ಮ ಮುಖ್ಯಸ್ಥರಿಗೆ ಓದಿ ಹೇಳಿ. 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಎಂಟು ವರ್ಷದ ಬಾಲಕಿಯ ಗುರುತು ಬಯಲು ಮಾಡಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟ್ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತ್ತು. ಮಗು ಸತ್ತಿದ್ದರೂ ಗುರುತು ಗುಟ್ಟಾಗಿಯೇ ಇರಬೇಕು ಎಂಬುದನ್ನು ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಕಾನೂನು ಓದಿದವರೂ ಎಡವುವ ಜಾಗ ಬೇರೆಯಿದೆ. ಆರೋಪಿ ಮಲತಂದೆಯೋ ಸೋದರಮಾವನೋ ಆಗಿದ್ದರೆ ಅವನ ಹೆಸರು ಹಾಕುವುದೂ ಮಗುವಿನ ಹೆಸರು ಹಾಕುವುದೂ ಒಂದೇ. ಅಂಥವನ ಮುಖ ಮೊದಲ ಪುಟದಲ್ಲಿ ಅಚ್ಚಾಗಲಿ ಎಂಬ ಸಿಟ್ಟು ನನಗೂ ಬಂದದ್ದುಂಟು, ನುಂಗಿಕೊಂಡಿದ್ದೇನೆ. ಇನ್ನೊಂದು, ನೀವು ಊರನ್ನು ಬರೆದು ತಂದೆಯ ಕಸುಬನ್ನು ಬಿಟ್ಟಿರಿ, ಪಕ್ಕದ ಪತ್ರಿಕೆ ಊರನ್ನು ಬಿಟ್ಟು ಕಸುಬನ್ನು ಬರೆಯಿತು ಎಂದುಕೊಳ್ಳಿ. ಚಹಾ ಅಂಗಡಿಯಲ್ಲಿ ಎರಡನ್ನೂ ಓದುವವನಿಗೆ ಅಷ್ಟು ಸಾಕು. ಠಾಣೆಯಲ್ಲಿ ಒಟ್ಟಿಗೆ ಎಫ್‌ಐಆರ್ ನೋಡುವ ನೀವು ನಾಲ್ಕೈದು ಮಂದಿ, ಯಾವ ವಿವರ ಬೇಡ ಎಂದು ಅಲ್ಲೇ ಮಾತಾಡಿಕೊಳ್ಳಬಹುದಲ್ಲ?

ಜಾಲತಾಣದ ಸುದ್ದಿಯಿಂದ ಆ ವಿವರಗಳನ್ನು ಇಂದೇ ತೆಗೆಸಿ. ಇ-ಪೇಪರ್ ಪುಟವನ್ನೂ ಮರೆಯಬೇಡಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಿರುಗುವುದು ಅದೇ. ಕ್ಷಮೆ ಕೇಳಲೆಂದು ಅವರ ಮನೆಗೆ ಹೋಗಬೇಡಿ. ನಿಮ್ಮ ಬೈಕ್ ಆ ಅಂಗಡಿಯ ಮುಂದೆ ನಿಂತರೆ ಊರು ಮತ್ತೆ ಅತ್ತ ತಿರುಗುತ್ತದೆ. ಹುಡುಗಿ ಶಾಲೆಗೆ ಹೋಗುತ್ತಿಲ್ಲ ಎಂಬುದನ್ನು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಅದನ್ನು ಸುದ್ದಿ ಮಾಡಬೇಡಿ.