ಮದುವೆ, ಬಂದೂಕು, ವರ್ಕ್ ಫ್ರಮ್ ಹೋಮ್: ನಿಮ್ಮ ಅಭಿಪ್ರಾಯ ಏನು?

ಬೆಂಗಳೂರಿನಲ್ಲಿ ಇರುವವರು ಈ ಮೂರರ ಬಗ್ಗೆ ಏನು ಅಂದುಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ನನಗೆ ಅನಿಸುವುದನ್ನು ಹೇಳುತ್ತೇನೆ.

ಬಂದೂಕಿನ ವಿಷಯ ಬೇಗ ಮುಗಿಯುತ್ತದೆ. ನಮ್ಮಲ್ಲಿ 1959ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, 2019ರಿಂದ ಒಬ್ಬರಿಗೆ ಎರಡೇ ಬಂದೂಕು. ಇಷ್ಟು ಬಿಗಿ ಇರಲೇಬೇಕು. ಕೊಡವರಿಗೆ ಈ ಲೈಸೆನ್ಸ್‌ನಿಂದ ಇರುವ ವಿನಾಯಿತಿಗೆ ನನ್ನ ತಕರಾರಿಲ್ಲ, ಅವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಜನ. ನನಗೆ ಭಯ ಇರುವುದು ಕಳ್ಳದಾರಿಯಲ್ಲಿ ಬರುವ ನಾಡ ಪಿಸ್ತೂಲಿನ ಬಗ್ಗೆ. 2017ರಲ್ಲಿ ಗೌರಿ ಲಂಕೇಶರನ್ನು ರಾಜರಾಜೇಶ್ವರಿ ನಗರದ ಅವರ ಮನೆ ಬಾಗಿಲಲ್ಲೇ ಕೊಂದದ್ದು ಅಂಥದ್ದರಿಂದ. ಪೊಲೀಸರು ಅದರ ಬೆನ್ನು ಹತ್ತಬೇಕು.

ಇನ್ನು ಕೆಲಸ. ನಾನಿರುವುದು ವಿದ್ಯಾರಣ್ಯಪುರ, ಆಫೀಸು ಬೆಳ್ಳಂದೂರಿನ ಕಡೆ. ಅಲ್ಲಿ ಹಾದುಹೋಗುವ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ಸುಮಾರು 17 ಕಿಲೋಮೀಟರ್, ಅಷ್ಟರಲ್ಲೇ ಸಾಲುಸಾಲು ಟೆಕ್ ಪಾರ್ಕು, ಮಧ್ಯೆ ಮೆಟ್ರೋ ಕೆಲಸ, ಎಲ್ಲರೂ ಒಂದೇ ಹೊತ್ತಿಗೆ ಅಲ್ಲಿಗೇ ಹೋಗಬೇಕು ಅಂದರೆ ಹೇಗೆ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಇದೇ ಕಂಪನಿಗಳು ಎಲ್ಲರನ್ನೂ ಮನೆಗೆ ಕಳಿಸಿದವು, ಕೆಲಸ ನಿಲ್ಲಲಿಲ್ಲ. ನನ್ನ ಟೀಮ್‌ನ ಅರ್ಧ ಜನ ಪುಣೆಯಲ್ಲಿದ್ದಾರೆ, ಆಫೀಸಿಗೆ ಹೋದರೂ ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲೇ ಇರುತ್ತೇನೆ. ಹೊಸದಾಗಿ ಸೇರಿದವರಿಗೆ ಆಫೀಸು ಬೇಕು, ಪಕ್ಕದಲ್ಲಿ ಕೂತು ಕೇಳಿ ಕಲಿಯುವುದು ಬಹಳ ಇರುತ್ತದೆ. ಉಳಿದವರನ್ನು ಸುಮ್ನೆ ದಿನಾ ರಸ್ತೆಗೆ ಎಳೆಯಬಾರದು.

ಆದರೆ ಹೆಂಗಸರಿಗೆ ಇದರಲ್ಲಿ ಇನ್ನೊಂದು ಕಷ್ಟ ಇದೆ. ಮನೆಯಲ್ಲಿದ್ದಾಳೆ ಅಂದರೆ ಬಿಡುವಾಗಿದ್ದಾಳೆ ಅಂತಲೇ ಲೆಕ್ಕ. ಗಂಡ ರೂಮಿನ ಬಾಗಿಲು ಹಾಕಿಕೊಂಡರೆ "ಮೀಟಿಂಗ್‌ನಲ್ಲಿದ್ದಾನೆ" ಅಂತ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ, ಅದೇ ಹೆಂಡತಿ ಮೀಟಿಂಗ್‌ನಲ್ಲಿದ್ದರೆ ಗ್ಯಾಸಿನವನು ಬಂದ, ಅತ್ತೆಯವರ ಮಾತ್ರೆ ಎಲ್ಲಿದೆ, ಸಾರು ಬಿಸಿ ಮಾಡು ಅಂತ ಕರೆ ಬರುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಸರಿಮಾಡಲು ಜಗಳವೇ ಆಡಬೇಕಾಯಿತು. ಈಗ ಮಧ್ಯಾಹ್ನದ ಅಡುಗೆ ನಮ್ಮ ಯಜಮಾನರದ್ದು.

ಅದಕ್ಕೇ ಜಾತಕ ನೋಡುವ ಹೊತ್ತಿನಲ್ಲೇ ಹುಡುಗ ಹುಡುಗಿ ಇದನ್ನೆಲ್ಲ ಬಿಚ್ಚಿ ಮಾತಾಡಬೇಕು: ಅಡುಗೆ ಯಾರದ್ದು, ಸಂಬಳ ಯಾರ ಕೈಯಲ್ಲಿ, ಅಪ್ಪ ಅಮ್ಮನ್ನ ಯಾರು ನೋಡಿಕೊಳ್ಳುತ್ತಾರೆ. ಛತ್ರಕ್ಕೆ ಸಾಲ ಮಾಡುವುದು ಬೇಡವೇ ಬೇಡ. ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಆದವರು ಚೆನ್ನಾಗೇ ಇದ್ದಾರೆ ಅಲ್ವಾ? ಜಾತಿ ಬಿಟ್ಟು ಆಗುವವರಿಗೂ ದಾರಿ ಸಲೀಸಾಗಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನ ಮುಂಚೆ ನೋಟಿಸ್ ಹಾಕಬೇಕು, ಯಾರು ಬೇಕಾದರೂ ಅದನ್ನು ನೋಡಬಹುದು. ಮನೆಯವರ ವಿರೋಧ ಇರುವ ಹುಡುಗಿಗೆ ಆ ಒಂದು ತಿಂಗಳು ಎಷ್ಟು ಅಪಾಯ ಅಂತ ಯೋಚನೆ ಮಾಡಿ. ಆ ನೋಟಿಸನ್ನು ತೆಗೆದುಹಾಕಬೇಕು.