ವಾರ್ಡಿನಲ್ಲಿ ಆಣೆ ಮಾಡಿಸಬೇಡಿ

ಕಲಬುರಗಿಯ ಆಸ್ಪತ್ರೆ ವಾರ್ಡುಗಳಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಎದುರಾಗುತ್ತದೆ. ತಮಗೆ ತಾವೇ ಹಾನಿ ಮಾಡಿಕೊಂಡವರು ಚೇತರಿಸಿಕೊಂಡು ಎದ್ದು ಕೂತರೆ ಸಾಕು, ಮನೆಯವರು ಮಂಚದ ಸುತ್ತ ನಿಲ್ಲುತ್ತಾರೆ. ‘ಇನ್ನೊಮ್ಮೆ ಹಿಂಗ ಮಾಡಂಗಿಲ್ಲ ಅಂತ ಶರಣಬಸಪ್ಪನ ಮ್ಯಾಲ ಆಣಿ ಮಾಡು’ ಅನ್ನುತ್ತಾರೆ.

ಅಂಥವರಲ್ಲಿ ಒಬ್ಬಾಕೆ ಜೇವರ್ಗಿ ಕಡೆಯವಳು. ಚಿಕ್ಕ ವಯಸ್ಸು, ಒಂದು ಮಗು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಏನು ಮಾಡಿಕೊಂಡಳು ಅನ್ನುವುದನ್ನು ಬರೆಯುವುದಿಲ್ಲ, ಅದು ಯಾರಿಗೂ ಬೇಕಿಲ್ಲ. ಪೊಲೀಸ್ ಕೇಸಿಗೆ ಹೆದರಿ ಮನೆಯವರು ಎಲ್ಲರಿಗೂ ‘ಹೊಟ್ಟೆನೋವು’ ಅಂದಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ. ಅವರಿಗೆ ಬೇಕಾದದ್ದು ಶಿಕ್ಷೆಯಲ್ಲ, ಆರೈಕೆ ಅನ್ನುತ್ತದೆ.

ನನ್ನೆದುರು ಆಕೆ ಬಾಯಿ ಬಿಡಲಿಲ್ಲ. ಬಿಟ್ಟದ್ದು ರಾತ್ರಿ ಪಾಳಿಯ ಸಿಸ್ಟರ್ ಹತ್ತಿರ. ಅವರು ಮನೋರೋಗ ಶುಶ್ರೂಷೆ ಓದಿದವರು. ಅತ್ತೆಯನ್ನು ಚಹಾಕ್ಕೆ ಕಳಿಸಿ, ಪಕ್ಕದಲ್ಲಿ ಕೂತು, ನೇರವಾಗಿ ಕೇಳಿದರು: ‘ಸಾಯ್ಬೇಕು ಅನ್ನೋ ವಿಚಾರ ಈಗೂ ಬರ್ತದೇನವ್ವಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದರೆ ಎದೆಯ ಭಾರ ಇಳಿಯುವುದೇ ಜಾಸ್ತಿ.

ಆಕೆ ಬಹಳ ಹೊತ್ತು ಅತ್ತಳಂತೆ. ಆಮೇಲೆ ಹೇಳಿದಳು: ‘ಮನಿಗಿ ಕಳಸ್ತಾರಂದ್ರ ಆಣಿ ಮಾಡ್ತೀನ್ರಿ ಅಕ್ಕಾ. ಆದ್ರ ರಾತ್ರಿ ಮತ್ತ ಆ ವಿಚಾರ ಬಂದ್ರ ಯಾರಿಗಿ ಹೇಳ್ಲಿ? ಆಣಿ ಮುರದಿ ಅಂತಾರ.’

ಆಕೆಯ ಒಪ್ಪಿಗೆ ಪಡೆದು ಸಿಸ್ಟರ್ ನನಗೆ ಈ ಮಾತು ತಿಳಿಸಿದರು. ಮರುದಿನ ತಂದೆ ಬಂದು, ‘ನಿಮ್ಮ ಮುಂದ ಆಣಿ ಮಾಡಸ್ರಿ, ನಿಮ್ಮ ಮಾತ ಕೇಳ್ತಾಳ’ ಅಂದರು. ನಾನು ಒಪ್ಪಲಿಲ್ಲ. ಅವರಿಗೆ ಸಿಟ್ಟು ಬಂತು. ನನ್ನನ್ನು ದೇವರ ಮೇಲೆ ನಂಬಿಕೆ ಇಲ್ಲದವಳು ಅಂದುಕೊಂಡರೋ ಏನೋ. ವಿಷಯ ಅದಲ್ಲ. ಆಣೆಯಿಂದ ಸಮಾಧಾನ ಆಗುವುದು ಮನೆಯವರಿಗೆ. ಯೋಚನೆ ಮರಳಿ ಬಂದಾಗ ಅದನ್ನು ಮುಚ್ಚಿಡಲು ಆಕೆಗೆ ಇನ್ನೊಂದು ಕಾರಣ ಸಿಗುತ್ತದೆ ಅಷ್ಟೇ. ಆಸ್ಪತ್ರೆಯಿಂದ ಹೋದ ಮೊದಲ ವಾರಗಳೇ ತುಂಬಾ ಅಪಾಯದವು. ಆಗಲೇ ಬಾಯಿ ಕಟ್ಟಿದರೆ ಹೇಗೆ?

ಆಣೆಯ ಬದಲು ಒಂದು ಹಾಳೆ ತಯಾರಾಯಿತು. ಬರೆದವಳು ಆಕೆಯೇ, ಪಕ್ಕದಲ್ಲಿ ಸಿಸ್ಟರ್. ಮನಸ್ಸು ಕೆಡುತ್ತಿದೆ ಅಂತ ಮೊದಲು ಹೇಗೆ ಗೊತ್ತಾಗುತ್ತದೆ, ಆಗ ಯಾರ ಹತ್ತಿರ ಹೋಗಿ ಕೂರಬೇಕು, ಯಾರಿಗೆ ಫೋನ್ ಮಾಡಬೇಕು ಎಂದೆಲ್ಲ. ಗಂಡನ ಹೆಸರನ್ನು ಆಕೆ ಬರೆಯಲಿಲ್ಲ, ಅಕ್ಕನ ಹೆಸರು ಬರೆದಳು. ನಾವು ಒತ್ತಾಯ ಮಾಡಲಿಲ್ಲ. ಹೊಲದ ಔಷಧಿ, ಮನೆಯ ಮಾತ್ರೆಗಳನ್ನು ಬೀಗ ಹಾಕಿಡುವ ಕೆಲಸವನ್ನು ತಂದೆಗೆ ಒಪ್ಪಿಸಿದೆ. ಕೈಗೆ ಕೆಲಸ ಸಿಕ್ಕ ಮೇಲೆ ಅವರ ಸಿಟ್ಟೂ ಇಳಿಯಿತು. ಮನೆಗೆ ಹೋದ ಮೇಲೆ ಸಿಸ್ಟರ್ ತಾವೇ ಫೋನ್ ಮಾಡುತ್ತಾ ಬಂದರು. ಅಂಥ ಒಂದು ಕರೆಯಲ್ಲಿ ಆಕೆ ‘ಮತ್ತ ಬರಾಕತ್ತದ’ ಅಂದಳು. ಅದೇ ವಾರ ಅಕ್ಕನ ಜೊತೆ ಡಾಕ್ಟರ ಬಳಿಗೆ ಬಂದಳು.

‘ವಾರ್ಡಿನ ಸಿಸ್ಟರ್‌ಗಳಿಗೆ ಇಷ್ಟು ಪುರಸೊತ್ತು ಎಲ್ಲಿದೆ’ ಅಂತ ಕೇಳುವವರಿದ್ದಾರೆ. ನಿಜ, ಇಲ್ಲ. ಅದಕ್ಕೇ ಈ ಕೆಲಸಕ್ಕೆಂದೇ ತರಬೇತಾದ ನರ್ಸ್ ಬೇಕು ಅನ್ನುತ್ತೇನೆ. ಚೆನ್ನೈ ಸೇರಿ ಐದು ಕಡೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬಿಡುಗಡೆ ಹೊತ್ತಿಗೆ ಸುಮಾರು ಒಂದು ತಾಸಿನ ಮಾತುಕತೆ, ಆಮೇಲೆ 18 ತಿಂಗಳಲ್ಲಿ 9 ಸಲ ಫೋನ್ ಅಥವಾ ಭೇಟಿ. ಇಷ್ಟು ಆರೈಕೆ ಸಿಕ್ಕವರ ಗುಂಪಿನಲ್ಲಿ ಆತ್ಮಹತ್ಯೆಯ ಸಾವು ಬಹಳ ಕಡಿಮೆಯಾಗಿತ್ತು. ದೊಡ್ಡ ಯಂತ್ರ ಬೇಕಿಲ್ಲ, ಗೊತ್ತಿರುವ ಒಂದು ದನಿ ಬೇಕು.

ಹತ್ತಿರ ಅಂಥ ನರ್ಸ್ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಿಡುಗಡೆ ಚೀಟಿಯ ಮೇಲೆ ಈ ನಂಬರ್ ಬರೆದು ಕೊಡಿ ಅಂತ ವಾರ್ಡಿನಲ್ಲೇ ಕೇಳಿ ಬರೆಸಿಕೊಳ್ಳಿ.